ಅಂಪೈರ್ ಸೆರಾಫಿನ್ ಅವರ ಉರಿಯುವ ಬೆರಳಿನ ವಿಚಾರ

ಇವರಿಗೆ:
ಶ್ರೀಮಾನ್ ಕತ್ಬರ್ಟ್ ಸೆರಾಫಿನ್ ಅವರು,
ನಿವೃತ್ತ ಪೊಲೀಸ್ ಸಾರ್ಜೆಂಟರು, ಹಾಲಿ ಅಂಪೈರರು,
ಆಗ್ನೇಯ ಹಳ್ಳಿಗಳ ಕ್ರಿಕೆಟ್ ಕೂಟ, ಡೊಮಿನಿಕಾ ದ್ವೀಪ.

ವಿಷಯ: ನಮ್ಮ ದೊಡ್ಡಮ್ಮನಿಗೂ ಆಕೆಯ ಎಣ್ಣೆಗೂ ತಾವು ಹಾಕಿರುವ ಬಹಿಷ್ಕಾರವನ್ನು ಕುರಿತು.

ಮಾನ್ಯರೇ,

ಪ್ವಾಂತ್ ರೋಶ್ ಹಳ್ಳಿಯ ಕ್ರಿಕೆಟ್ ತಂಡದ ಹಾಲಿ ಆಟಗಾರರು, ಮಾಜಿ ಆಟಗಾರರು, ಜನ್ಮದಲ್ಲಿ ಬ್ಯಾಟು ಹಿಡಿಯದಿದ್ದರೂ ಪ್ರತಿ ಶನಿವಾರ ಬೇಲಿಯ ಮೇಲೆ ಕುಳಿತು ಸಲಹೆ ಕೊಡುವ ಹಿರಿಯರು ಮತ್ತು ಆಟವಿಲ್ಲದ ದಿನಗಳಲ್ಲಿ ಮೈದಾನದ ಹುಲ್ಲನ್ನು ಮೇಯ್ದು ಮಟ್ಟವಾಗಿಡುವ ಆಡುಗಳು, ಇಷ್ಟೂ ಮಂದಿಯ ಪರವಾಗಿ ತಮಗೂ ತಮ್ಮ ಬಲಗೈ ತೋರುಬೆರಳಿಗೂ ಪ್ರತ್ಯೇಕವಾಗಿ ನಮಸ್ಕಾರಗಳು. ತಮ್ಮ ಎಡಗಣ್ಣು ಈಗ ಪೂರ್ತಿ ತೆರೆಯುತ್ತಿದೆಯೆಂದೂ, ನಾಲಿಗೆಯು ಮೊದಲಿನಂತೆ ಜನರನ್ನು ಗದರಿಸುವಷ್ಟು ಚೇತರಿಸಿಕೊಂಡಿದೆಯೆಂದೂ ಬಸ್ಸಿನ ಡ್ರೈವರಿನಿಂದ ತಿಳಿದು ನಮಗೆಲ್ಲ ಸಮಾಧಾನವಾಯಿತು. ನಾನು ಓಸ್ವಿನ್ ಗಿಸ್ಟ್, ಈ ತಂಡದ ಕಾರ್ಯದರ್ಶಿ ಹಾಗೂ ವಿಕೆಟ್ ಕೀಪರ್. ಇದು ಬಹಿರಂಗ ಪತ್ರವಾದ್ದರಿಂದ ಇದರ ಒಂದು ಪ್ರತಿಯನ್ನು ರಮ್ ಅಂಗಡಿಯ ಗೋಡೆಗೆ ಅಂಟಿಸಿದ್ದೇವೆ. ಓದಲು ಬಾರದವರಿಗೆ ಅಂಗಡಿಯವನೇ ಓದಿ ಹೇಳುತ್ತಿದ್ದಾನೆ, ಅವನು ತನಗೆ ತೋಚಿದ್ದನ್ನೂ ನಡುನಡುವೆ ಸೇರಿಸುತ್ತಿದ್ದರೆ ಅದಕ್ಕೆ ನಾವು ಹೊಣೆಗಾರರಲ್ಲ.

ಕಳೆದ ಪಂದ್ಯದ ಬಗ್ಗೆ ತಾವು ಕೂಟಕ್ಕೆ ಸಲ್ಲಿಸಿದ ವರದಿಯನ್ನು ನಾವು ಭಕ್ತಿಯಿಂದ ಓದಿದೆವು. ಅದರ ಪ್ರಕಾರ ಪಂದ್ಯವೂ ಕಪ್ಪೂ ಎದುರಾಳಿಗಳಾದ ಗ್ರಾನ್ ಬ್ವಾ ಹಳ್ಳಿಯವರ ಪಾಲಾಗಿವೆ, ಇರಲಿ. ಆದರೆ ಅದರ ಕೊನೆಯಲ್ಲಿ, ಮಾ ಓಡಿಲ್ ಎಂಬ ಹೆಂಗಸು ಇನ್ನು ಮುಂದೆ ಮೈದಾನದಿಂದ ನೂರು ಗಜದೊಳಗೆ ಕಾಣಿಸಿಕೊಳ್ಳತಕ್ಕದ್ದಲ್ಲ, ಆಕೆಯ ಎಣ್ಣೆ ಇನ್ನೂರು ಗಜದೊಳಗೆ ಬರತಕ್ಕದ್ದಲ್ಲ ಎಂದು ಅಪ್ಪಣೆ ಮಾಡಿದ್ದೀರಿ. ತಮ್ಮ ಅಪ್ಪಣೆಯನ್ನು ಪಾಲಿಸಬೇಕೆಂಬ ಒಂದೇ ಆಸೆಯಿಂದ ನಾವು ಹಗ್ಗ ಹಿಡಿದು ಅಳೆದೆವು. ಆಕೆಯ ಮನೆ ಮೈದಾನದ ಹಿಂದೆ, ಸಮುದ್ರದ ಬಂಡೆಯಂಚಿನಲ್ಲಿದೆ. ತಮ್ಮ ನೂರು ಗಜದ ಗೆರೆ ಆ ಮನೆಯ ನಡುವಿನಿಂದಲೇ ಹಾದುಹೋಗುತ್ತದೆ. ಆದ್ದರಿಂದ ಆಕೆ ತನ್ನ ಮನೆಯಲ್ಲಿ ಮಲಗಬಹುದು, ಅಡುಗೆ ಮಾಡುವಂತಿಲ್ಲ. ಇನ್ನೂರು ಗಜದ ಗೆರೆ ಸಮುದ್ರದೊಳಗೆ ಬೀಳುವುದರಿಂದ ಎಣ್ಣೆಯ ಬಾಟಲಿಗಳನ್ನೆಲ್ಲ ನೀರಿನಲ್ಲಿ ತೇಲಿಬಿಡಬೇಕಾಗುತ್ತದೆ. ಇಷ್ಟು ದೂರಾಲೋಚನೆಯ ಅಪ್ಪಣೆಯನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಓಡಿಲ್ ನನ್ನ ತಾಯಿಯ ಅಕ್ಕ, ಅಂದರೆ ನನಗೆ ದೊಡ್ಡಮ್ಮ. ಊರಿಗೆಲ್ಲ ಮಾ ಓಡಿಲ್. ಗುಡ್ಡದ ಮೇಲಿನ ಬೇ ಮರಗಳ ಎಲೆ ಕೊಯ್ದು ತಂದು, ದೊಡ್ಡ ಹಂಡೆಯಲ್ಲಿ ತುಂಬಿ, ಕೆಳಗೆ ಸೌದೆ ಉರಿಸಿ, ಆವಿಯಿಂದ ಎಣ್ಣೆ ಇಳಿಸುವುದು ಆಕೆಯ ಕಸುಬು. ಲವಂಗದಂತೆ ಘಮಘಮಿಸುವ ಈ ಎಣ್ಣೆ ಕಾಲು ಉಳುಕಿದರೆ ಕಾಲಿಗೆ, ತಲೆ ಸಿಡಿದರೆ ರಮ್ಮಿನಲ್ಲಿ ಬೆರೆತು ಹಣೆಗೆ, ಸೊಳ್ಳೆ ಬಂದರೆ ಬಾಗಿಲಿಗೆ, ನೆಂಟರು ಬಂದು ಹೊರಡದಿದ್ದರೆ ಅವರು ಕೂರುವ ಕುರ್ಚಿಗೆ ಬೀಳುತ್ತದೆ. ನಮ್ಮೂರಿನಲ್ಲಿ ಯಾರಿಗಾದರೂ ನೋವಾದರೆ ಅವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತದೆ. ಬೇಡವೆಂದವರನ್ನು ಬೆನ್ನಟ್ಟಿ ಹಿಡಿದು ತಿಕ್ಕಿದ ಉದಾಹರಣೆಗಳಿವೆ. ನಮ್ಮ ಪಾದ್ರಿಯವರು ಕೆಮ್ಮು ಬಂದರೂ ನುಂಗಿಕೊಳ್ಳುವುದನ್ನು ಕಲಿತಿದ್ದಾರೆ.

ಆಕೆಯದೇನೂ ತಪ್ಪಿಲ್ಲವೆಂದು ನಾನು ವಾದಿಸುತ್ತಿಲ್ಲ, ಮಾನ್ಯರೇ. ಈ ಎಣ್ಣೆ ಬಹಳ ಖಡಕ್ಕು. ಒಂದು ಚಮಚ ಕೊಬ್ಬರಿ ಎಣ್ಣೆಗೆ ಕೆಲವೇ ಹನಿ ಬೆರೆಸಿದರೆ ಔಷಧ. ಹಾಗೇ ಹಚ್ಚಿದರೆ ಚರ್ಮ ಸುಟ್ಟು ಸುಲಿಯುತ್ತದೆ. ಪರಊರಿನವರಿಗೆ ಹಚ್ಚುವಾಗ ದೊಡ್ಡಮ್ಮ ಇದನ್ನು ಎಂದೂ ಮರೆಯುವುದಿಲ್ಲ. ತನ್ನವರ ವಿಷಯದಲ್ಲಿ ಮಾತ್ರ ಪ್ರೀತಿ ಹೆಚ್ಚಾದಂತೆ ಕೊಬ್ಬರಿ ಎಣ್ಣೆ ಕಡಿಮೆಯಾಗುತ್ತದೆ. ಪಂದ್ಯದ ದಿನ ಬೆಳಗ್ಗೆ ನಮ್ಮ ವೇಗದ ಬೌಲರ್ ಲೆನ್ನಾಕ್ಸ್ ಭುಜ ಹಿಡಿದುಕೊಂಡಿದೆಯೆಂದು ಮುಖ ಸಣ್ಣಗೆ ಮಾಡಿಕೊಂಡು ಬಂದ. ಲೆನ್ನಾಕ್ಸ್ ಎಂದರೆ ಆಕೆಗೆ ಮಗನಿದ್ದಂತೆ. ಕೊಬ್ಬರಿ ಎಣ್ಣೆ ಅಂದು ಮನೆಯಲ್ಲಿ ಮುಗಿದಿತ್ತು.

"ಬೆರೆಸದೆ ಹಚ್ತೀಯಾ ದೊಡ್ಡಮ್ಮ?" ಎಂದು ನಾನು ಕೇಳಿದೆ.

"ಸುಮ್ನಿರೋ. ಕಪ್ಪು ಬೇಕೋ ಬೇಡ್ವೋ?" ಎಂದು ಆಕೆ ಅಂಗೈ ತುಂಬ ಸುರಿದುಕೊಂಡು ಅವನ ಭುಜ, ಬೆನ್ನು, ಸೊಂಟದವರೆಗೂ ತಿಕ್ಕಿದಳು.

ಮೊದಲ ಓವರಿನಲ್ಲಿ ಏನೂ ಆಗಲಿಲ್ಲ. ಎರಡನೆಯ ಓವರಿಗೆ ಬಿಸಿಲೇರಿತು, ಲೆನ್ನಾಕ್ಸ್ ಬೆವರಿದ, ಬೆವರಿನ ಜೊತೆ ಎಣ್ಣೆಯೂ ಹರಿದು ಪ್ಯಾಂಟಿನೊಳಗೆ ಇಳಿಯಿತು. ಆಮೇಲೆ ಅವನು ಬೌಲ್ ಮಾಡಿದ ರೀತಿಯನ್ನು ತಾವೇ ಕಣ್ಣಾರೆ ಕಂಡಿದ್ದೀರಿ, ಆಗಿನ್ನೂ ತಮಗೆ ಕಣ್ಣು ಕಾಣುತ್ತಿತ್ತು. ಬೆಂಕಿ ಬಿದ್ದ ಮನೆಯಿಂದ ಓಡಿಬರುವವನಂತೆ ಬಂದು ಅವನು ಎಸೆದ ಚೆಂಡುಗಳನ್ನು ಗ್ರಾನ್ ಬ್ವಾ ಬ್ಯಾಟ್ಸ್‌ಮನ್ನರು ನೋಡಲಿಲ್ಲ, ಕೇಳಿಸಿಕೊಂಡರು ಅಷ್ಟೆ. ಒಬ್ಬರ ಹಿಂದೊಬ್ಬರು ಔಟಾಗಿ ಅರ್ಧ ತಂಡ ಮರದ ನೆರಳಿಗೆ ಹೋಯಿತು. ಕೊನೆಗೆ ಅವನು ಒಂದು ಚೆಂಡನ್ನು ಎಸೆಯುವುದನ್ನೇ ಮರೆತು, ತಮ್ಮನ್ನು ದಾಟಿ, ಬ್ಯಾಟ್ಸ್‌ಮನ್ನನನ್ನು ದಾಟಿ, ನನ್ನನ್ನೂ ದಾಟಿ, ಬೇಲಿ ಹಾರಿ, ಚೆಂಡಿನ ಸಮೇತ ಹೊಳೆಗಿಳಿದು ಸೊಂಟದವರೆಗೆ ನೀರಿನಲ್ಲಿ ಕುಳಿತ. ತಾವು ಹೊಳೆಯ ದಡದವರೆಗೆ ನಡೆದು ಬಂದು ಅದನ್ನು ಡೆಡ್ ಬಾಲ್ ಎಂದು ಘೋಷಿಸಿದಿರಿ. ಅಂದು ತಾವು ಕೊಟ್ಟ ತೀರ್ಪುಗಳಲ್ಲಿ ಎಲ್ಲರೂ ಒಪ್ಪಿದ್ದು ಅದೊಂದೇ.

ಊರಿನ ನರ್ಸ್ ಫರ್ಡಿನಾ ಓಡಿಬಂದು, "ನೀರಲ್ಲಿ ಎಷ್ಟು ಕೂತ್ರೂ ಅದು ಹೋಗಲ್ಲ ಕಣೋ. ಎಣ್ಣೆಗೆ ಎಣ್ಣೇನೇ ಬೇಕು. ಅಡುಗೆ ಎಣ್ಣೆ ತನ್ನಿ ಯಾರಾದ್ರೂ" ಎಂದಳು. ಊಟಕ್ಕೆ ಬೇಕ್ಸ್ ಎಂಬ ಹಿಟ್ಟಿನ ರೊಟ್ಟಿಗಳನ್ನು ಕರಿಯಲು ತಂದಿಟ್ಟಿದ್ದ ಎಣ್ಣೆಯಲ್ಲಿ ಬಹುಪಾಲನ್ನು ಲೆನ್ನಾಕ್ಸ್‌ನ ಬೆನ್ನಿಗೆ ಸವರಿ, ಬಟ್ಟೆಯಲ್ಲಿ ಒರೆಸಿ, ಸಾಬೂನು ಹಚ್ಚಿ ತೊಳೆದರು. ಅವನ ಬೆನ್ನು ಬೇಯಿಸಿದ ಏಡಿಯಂತೆ ಕೆಂಪಗಾಗಿತ್ತು. ನರ್ಸು ಎಲ್ಲರೆದುರಿಗೆ ದೊಡ್ಡಮ್ಮನನ್ನು ಬೈದಳು. "ನಿನಗೆ ಗೊತ್ತಿಲ್ಲದೆ ಮಾಡಿದ್ರೆ ಕ್ಷಮಿಸಬಹುದಿತ್ತು. ಗೊತ್ತಿದ್ದೂ ಮಾಡಿದ್ಯಲ್ಲ." ಎದುರಾಡುವುದರಲ್ಲಿ ಈ ಕರಾವಳಿಯಲ್ಲೇ ಹೆಸರಾದ ದೊಡ್ಡಮ್ಮ ಅಂದು ಲೆನ್ನಾಕ್ಸ್‌ನ ಬೆನ್ನಿಗೆ ಬಟ್ಟೆಯಿಂದ ಗಾಳಿ ಬೀಸುತ್ತ ಕುಳಿತಳು. ಬೇಕ್ಸ್ ಇಲ್ಲದೆ ಹೋದದ್ದರಿಂದ ಎಲ್ಲರೂ ಸುಟ್ಟ ದೀವಿಹಲಸೂ ಕೋಳಿಯೂ ತಿಂದರು. ತಾವು ಕೋಳಿಯ ಮೂಳೆ ಕಡಿದಿರಿ, ತಮ್ಮ ಹುಳುಕುಹಲ್ಲು ಜುಮ್ಮೆಂದಿತು.

ಇಲ್ಲಿಂದ ಮುಂದಿನದು ತಮ್ಮ ವರದಿಯಲ್ಲಿ ಬಿಟ್ಟುಹೋಗಿದೆ. ಬರೆಯುವಾಗ ಕಣ್ಣು ಮಂಜಾಗಿತ್ತೆಂದು ನಾವು ಅರ್ಥಮಾಡಿಕೊಳ್ಳುತ್ತೇವೆ. ತಾವೇ ಕೆನ್ನೆ ಹಿಡಿದುಕೊಂಡು ದೊಡ್ಡಮ್ಮನ ಬಳಿಗೆ ಬಂದಿರಿ. ಆಗಷ್ಟೇ ಬೈಸಿಕೊಂಡಿದ್ದ ಆಕೆ ಹಿಂದೆಮುಂದೆ ನೋಡಿ, ಹತ್ತಿಯ ಸಣ್ಣ ಉಂಡೆಗೆ ಒಂದೇ ಒಂದು ಹನಿ ಹಾಕಿ ಹಲ್ಲಿಗಿಟ್ಟಳು. "ಇದು ನೋವು ಮರೆಸುತ್ತೆ ಸಾರ್ಜೆಂಟರೆ, ಹಲ್ಲು ರಿಪೇರಿ ಮಾಡಲ್ಲ. ರೋಸೋ ಪಟ್ಟಣಕ್ಕೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿ. ನುಂಗಬೇಡಿ, ಒಸಡಿಗೆ ತಿಕ್ಕಬೇಡಿ" ಎಂದಳು. ಎರಡು ನಿಮಿಷದಲ್ಲಿ ತಮ್ಮ ಮುಖ ಅರಳಿತು. ಒಂದು ಹನಿಗೆ ಇಷ್ಟು ಸುಖವಾದರೆ ಒಂದು ಬಾಟಲಿಗೆ ಎಷ್ಟಾಗಬೇಡ ಎಂದು ತಮಗೆ ಅನ್ನಿಸಿರಬೇಕು. ಅನ್ನಿಸಿದ್ದನ್ನು ಕೂಡಲೇ ಮಾಡಿಬಿಡುವ ಆ ಧೈರ್ಯವೇ ತಮ್ಮನ್ನು ಪೊಲೀಸ್ ಇಲಾಖೆಯಲ್ಲಿ ಸಾರ್ಜೆಂಟರ ದರ್ಜೆಗೆ ಏರಿಸಿ ಅಲ್ಲೇ ನಿಲ್ಲಿಸಿತೆಂದು ಹಿರಿಯರು ಹೇಳುತ್ತಾರೆ. ಆಕೆ ಅತ್ತ ತಿರುಗಿದಾಗ ತಾವು ಬಾಟಲಿಯನ್ನೆತ್ತಿಕೊಂಡು ಸ್ಕೋರ್ ಬೋರ್ಡಿನ ಹಿಂದೆ ಹೋದಿರಿ. ಬೇಲಿಯ ಮೇಲಿದ್ದ ಹಿರಿಯರೆಲ್ಲ ನೋಡಿದರು, ಅಂಪೈರರ ಖಾಸಗಿ ವಿಷಯವೆಂದು ಸುಮ್ಮನಿದ್ದರು.

ತಾವು ಎಣ್ಣೆಯನ್ನು ಥರ್ಮಾಕೋಲ್ ಲೋಟಕ್ಕೆ ಸುರಿದುಕೊಂಡು ಬಾಯಿ ಮುಕ್ಕಳಿಸಿದಿರಿ. ಬಾಯಿಗೆ ಹೋದದ್ದನ್ನು ಉಗುಳಿದ್ದು ದೇವರ ದಯೆ. ನುಂಗಿದ್ದರೆ ಈ ಪತ್ರವನ್ನು ಆಸ್ಪತ್ರೆಯ ವಿಳಾಸಕ್ಕೆ ಕಳಿಸಬೇಕಾಗುತ್ತಿತ್ತು. ಲೋಟದಲ್ಲಿ ಉಳಿದ ಎಣ್ಣೆ ಲೋಟವನ್ನೇ ತಿಂದು, ತಳ ಕರಗಿ, ತಮ್ಮ ಬಲಗೈ ಮೇಲೆ ಇಳಿಯಿತು. ಏನಾಯಿತೆಂದು ನೋಡಲು ಬಗ್ಗಿದ ತಾವು ಹಣೆಯ ಬೆವರನ್ನೂ ಎಡಗಣ್ಣನ್ನೂ ಅದೇ ಕೈಯಿಂದ ಒರೆಸಿಕೊಂಡಿರಿ. ಅಷ್ಟರಲ್ಲಿ ಊಟದ ವಿರಾಮ ಮುಗಿದಿತ್ತು. ಬೇರೆ ಯಾರೇ ಆಗಿದ್ದರೂ ಕೂಗಿಕೊಳ್ಳುತ್ತಿದ್ದರು. ತಾವು ಟೋಪಿಯನ್ನು ಸರಿಮಾಡಿಕೊಂಡು, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನೀರು ಸುರಿಸುತ್ತ, ನಾಲಿಗೆ ಮರದ ತುಂಡಿನಂತೆ ಮರಗಟ್ಟಿದ್ದರೂ ನೆಟ್ಟಗೆ ನಡೆದು ಬಂದು ವಿಕೆಟ್ಟಿನ ಹಿಂದೆ ನಿಂತಿರಿ. ಕರ್ತವ್ಯನಿಷ್ಠೆಗೆ ಪದಕ ಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ನಮಗೆ ವಿಳಾಸ ತಿಳಿಸಿ.

ಗ್ರಾನ್ ಬ್ವಾದ ಉಳಿದರ್ಧ ತಂಡವೂ ಊಟಕ್ಕೆ ಮೊದಲೇ ಔಟಾಗಿತ್ತು, ಈಗ ನಮ್ಮ ಬ್ಯಾಟಿಂಗ್ ಆರಂಭವಾಯಿತು. ಗೆಲ್ಲಲು ಬೇಕಾಗಿದ್ದ ರನ್ನುಗಳು ಎಷ್ಟು ಕಡಿಮೆಯೆಂದರೆ ಕೆಲವರು ಆಗಲೇ ಡೋಲು ಬಿಗಿಯುತ್ತಿದ್ದರು. ಆಗ ತಮ್ಮ ಬೆರಳು ಉರಿಯತೊಡಗಿತು. ಸಮುದ್ರದ ಕಡೆಯಿಂದ ತಂಪುಗಾಳಿ ಬೀಸಿದಾಗಲೆಲ್ಲ ತಾವು ಬೆರಳನ್ನು ಗಾಳಿಗೆ ಎತ್ತಿ ಹಿಡಿದಿರಿ. ಮಾನ್ಯರೇ, ಅಂಪೈರರ ಬೆರಳು ಮೇಲೆದ್ದರೆ ಆಟಗಾರನಿಗೆ ಅದರ ಅರ್ಥ ಒಂದೇ. ನಮ್ಮ ಮೊದಲನೆಯವನು ಚೆಂಡನ್ನು ಬೌಂಡರಿಗೆ ಕಳಿಸಿ, ತಿರುಗಿ ನೋಡಿ, ಔಟಾಗಿ ಹೋದ. ಎರಡನೆಯವನು ಬ್ಯಾಟು ಕೆಳಗಿಟ್ಟು ಲೇಸು ಕಟ್ಟಿಕೊಳ್ಳುವಾಗ ಔಟಾದ. ಮೂರನೆಯವನು ಆ ತುದಿಯಲ್ಲಿ ತಮ್ಮ ಪಕ್ಕದಲ್ಲೇ ಸುಮ್ಮನೆ ನಿಂತಿದ್ದ. "ನಾನೇನ್ ಮಾಡ್ದೆ ಸಾರ್?" ಎಂದು ಕೇಳಿದ್ದಕ್ಕೆ ತಾವು ಮರಗಟ್ಟಿದ ನಾಲಿಗೆಯಲ್ಲಿ "ಅಲಲ್ಲಲ್ಲ" ಎಂದಿರಿ. ಅವನು ಅದನ್ನು ಕಾನೂನಿನ ಯಾವುದೋ ಹೊಸ ಕಲಮೆಂದು ತಿಳಿದು ತಲೆ ತಗ್ಗಿಸಿ ಹೋದ. ನಾನು ಚಹಾದ ವಿರಾಮ ಯಾವಾಗ ಎಂದು ವಿಚಾರಿಸಲು ಬಂದು ಔಟಾದೆ. ಎಲ್ಲಕ್ಕಿಂತ ಮಿಗಿಲಾಗಿ, ಸ್ಲಿಪ್ಪಿನಲ್ಲಿ ಫೀಲ್ಡ್ ಮಾಡುತ್ತಿದ್ದ ಗ್ರಾನ್ ಬ್ವಾ ತಂಡದ ನಾಯಕ ಹಿಲರಿ ವಾಲ್ಮೋ ತಮ್ಮ ಬೆರಳು ನೇರ ತನ್ನ ಕಡೆಗಿರುವುದನ್ನು ಕಂಡು, ಬಹಳ ಹೊತ್ತು ಯೋಚಿಸಿ, ಕ್ಯಾಪ್ ತೆಗೆದು ಮೈದಾನದಿಂದ ಹೊರನಡೆದ. ಫೀಲ್ಡ್ ಮಾಡುವ ಕಡೆಯ ನಾಯಕನನ್ನು ಔಟ್ ಮಾಡಿದ ಅಂಪೈರರು ತಾವೊಬ್ಬರೇ ಇರಬೇಕು, ಈ ಗೌರವ ನಮ್ಮ ಮೈದಾನಕ್ಕೆ ಸಂದದ್ದು ನಮ್ಮ ಭಾಗ್ಯ.

ಇದೆಲ್ಲದರ ಅರ್ಥ ಮೊದಲು ಹೊಳೆದದ್ದು ದೊಡ್ಡಮ್ಮನಿಗೆ. ತನ್ನ ಬಾಟಲಿ ಹುಡುಕುತ್ತ ಸ್ಕೋರ್ ಬೋರ್ಡಿನ ಹಿಂದೆ ಹೋದವಳು ಕರಗಿದ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. ಲೆನ್ನಾಕ್ಸ್‌ನ ಬೆನ್ನಿಗೆ ಸವರಿ ಮಿಕ್ಕಿದ್ದ ಅಡುಗೆ ಎಣ್ಣೆಯನ್ನೂ ಒಂದು ಕೊಡ ನೀರನ್ನೂ ಎತ್ತಿಕೊಂಡು, ಬೌಲರ್ ಓಡಿಬರುತ್ತಿರುವಾಗಲೇ ನಡುಮೈದಾನಕ್ಕೆ ನುಗ್ಗಿದಳು.

"ಆಟ ನಿಲ್ಸಿ. ಆ ಮನುಷ್ಯ ಯಾರನ್ನೂ ಔಟ್ ಮಾಡ್ತಿಲ್ಲ. ಅವನ ಬೆರಳು ಉರೀತಿದೆ."

ತಾವು ಒಂಟಿಗಣ್ಣಿನ ಮಂಜಿನಲ್ಲಿ ಕೊಡ ಹೊತ್ತು ಬರುವ ದಪ್ಪ ಹೆಂಗಸನ್ನು ಕಂಡು, ಸೋಲುತ್ತಿರುವ ಊರಿನವರು ಹೊಡೆಯಲು ಬಂದರೆಂದು ಭಾವಿಸಿದಿರಿ. ಆಕೆಯನ್ನು ತಡೆಯಲು ಒಂದು ಕೈ ಬೀಸಿದಿರಿ; ನಮ್ಮ ಸ್ಕೋರರ್ ನಿಷ್ಠಾವಂತ, ನಾಲ್ಕು ರನ್ ಬರೆದ. ಗಾಬರಿಯಿಂದ ಎರಡೂ ಕೈ ಮೇಲೆತ್ತಿದಿರಿ; ಆರು ಬರೆದ. ಓಡುವಾಗ ಎಡವಿ ಎರಡೂ ಕೈ ಅಗಲಿಸಿದಿರಿ; ವೈಡ್ ಬರೆದ. ಒಂದು ಚೆಂಡೂ ಬೀಳದೆ ನಮ್ಮ ತಂಡ ಗೆಲುವಿನ ಹತ್ತಿರ ಬಂದುಬಿಟ್ಟಿತು. ಅಷ್ಟರಲ್ಲಿ ದೊಡ್ಡಮ್ಮ ತಮ್ಮ ಕಾಲರ್ ಹಿಡಿದು ಕೂರಿಸಿಯೇಬಿಟ್ಟಳು. ನರ್ಸು ತಮ್ಮ ಕಣ್ಣಿಗೆ ನೀರು ಹನಿಸುತ್ತ, "ಉಜ್ಜಬೇಡಿ, ಕಣ್ಣು ತೆರೆದಿಡಿ, ಇನ್ನೂ ತೆರೀರಿ" ಎಂದು ಬಹಳ ಹೊತ್ತು ತೊಳೆದಳು. ದೊಡ್ಡಮ್ಮ ಮಣ್ಣಿನಲ್ಲಿ ಮಂಡಿಯೂರಿ ತಮ್ಮ ಒಂದೊಂದು ಬೆರಳನ್ನೂ ಎಣ್ಣೆ ಸವರಿ ಸವರಿ ಒರೆಸಿದಳು. ನಾನು ಹತ್ತಿರದಲ್ಲೇ ನಿಂತಿದ್ದೆ. ನಾಲಿಗೆ ಹಿಂದಿರುಗಿದ ಮೇಲೆ ತಾವು ಆಡಿದ ಮೊದಲ ಮಾತು ಥ್ಯಾಂಕ್ಸ್ ಎಂದಾಗಿರಲಿಲ್ಲ. "ವಿಷ ಹಾಕಿದ್ಯಾ ನನಗೆ? ಹೋಗು ಇಲ್ಲಿಂದ" ಎಂಬುದಾಗಿತ್ತು. ಆಕೆ ಎದ್ದು, ಬಟ್ಟೆ ಕೊಡವಿಕೊಂಡು, ಹೋದಳು.

ಅಂದಿನಿಂದ ದೊಡ್ಡಮ್ಮ ಬಟ್ಟಿಗೆ ಬೆಂಕಿ ಹಾಕಿಲ್ಲ. ಕೊಯ್ದು ತಂದ ಎಲೆಗಳು ಕೊಟ್ಟಿಗೆಯಲ್ಲಿ ಒಣಗುತ್ತಿವೆ. ಬಾಟಲಿಗಳನ್ನೆಲ್ಲ ಮಂಚದ ಕೆಳಗೆ ತಳ್ಳಿದ್ದಾಳೆ. ಬೆನ್ನು ಸುಲಿದ ಲೆನ್ನಾಕ್ಸ್ ತಾನೇ ಒಂದು ಗೊನೆ ಬಾಳೆಕಾಯಿ ತೆಗೆದುಕೊಂಡು ಹೋಗಿ, "ಉರಿ ಹೋಯ್ತು ಮಾ, ಭುಜ ಮಾತ್ರ ಇನ್ನೂ ಹಿಡ್ಕೊಂಡಿದೆ, ಸ್ವಲ್ಪ ತಿಕ್ತೀಯಾ?" ಎಂದು ಕೇಳಿದ. ಆಕೆ ಅವನ ಬೆನ್ನನ್ನು ನೋಡಿ ಮುಖ ತಿರುಗಿಸಿ, "ಪ್ರೀತಿಗೆ ಕೊಬ್ಬರಿ ಎಣ್ಣೆ ಬೆರೆಸೋದು ಮರೆತೆ ಕಣೋ. ನನ್ನ ಕೈ ಇನ್ನು ಯಾರ ಮೈಗೂ ಬೇಡ" ಎಂದಳು. ಊರಿನಲ್ಲೀಗ ಸೊಳ್ಳೆಗಳು ನಿರ್ಭಯವಾಗಿ ಓಡಾಡುತ್ತಿವೆ. ಬಂದ ನೆಂಟರು ಹೋಗುತ್ತಿಲ್ಲ. ಪಾದ್ರಿಯವರು ಭಾನುವಾರ ಮನಸಾರೆ ಕೆಮ್ಮಿದರು, ಕೆಮ್ಮಿ ಬಾಗಿಲ ಕಡೆ ನೋಡಿದರು, ಯಾರೂ ಓಡಿಬರಲಿಲ್ಲ. ಅವರಿಗೆ ಉಪದೇಶ ಮುಂದುವರಿಸಲು ಆಗಲಿಲ್ಲ.

ಆದಕಾರಣ ತಮ್ಮಲ್ಲಿ ನಮ್ಮ ವಿನಂತಿಗಳು ಸಣ್ಣವು. ಬಹಿಷ್ಕಾರವನ್ನು ಹಿಂತೆಗೆದುಕೊಳ್ಳುವುದು ತಮ್ಮ ಘನತೆಗೆ ಕುಂದೆನಿಸಿದರೆ, ಮೈದಾನವನ್ನೇ ನೂರು ಗಜ ಪಕ್ಕಕ್ಕೆ ಸರಿಸಿಕೊಡಬೇಕು. ಆ ಕಡೆ ಗುಡ್ಡವಿದೆ, ಅದನ್ನೂ ಜೊತೆಯಲ್ಲೇ ಸರಿಸಿದರೆ ಅನುಕೂಲ. ಅದೂ ಆಗದಿದ್ದರೆ ಅದೇ ಶನಿವಾರವನ್ನು, ಅದೇ ಬಿಸಿಲು ಮತ್ತು ಗಾಳಿಯ ಸಮೇತ, ಊಟದ ವಿರಾಮದ ನಂತರದಿಂದ ಮರಳಿ ನಡೆಸಿಕೊಡಬೇಕು. ಔಟಾಗದೆ ಔಟಾದ ನಮ್ಮೆಲ್ಲರಿಗೂ ತಾವು ಒಬ್ಬೊಬ್ಬರಾಗಿ ಬೆರಳನ್ನು ಕೆಳಗಿಳಿಸಿ ತೋರಿಸಬೇಕು. ಹಿಲರಿ ವಾಲ್ಮೋ ಇನ್ನೂ ತಾನು ಔಟೆಂದೇ ನಂಬಿ ಅಭ್ಯಾಸಕ್ಕೂ ಇಳಿಯುತ್ತಿಲ್ಲವಂತೆ. ಎದುರಾಳಿಯಾದರೂ ಮನುಷ್ಯನೇ, ಅವನಿಗೊಂದು ಮಾತು ಹೇಳಿಕಳಿಸಬೇಕು.

ಮೊನ್ನೆ ಇಷ್ಟು ಬರೆದು ಪತ್ರ ಮುಗಿಸುವವನಿದ್ದೆ, ಅಷ್ಟರಲ್ಲಿ ನಿನ್ನೆ ಬೇರೊಂದು ನಡೆಯಿತು, ಅದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ಆ ವಾಲ್ಮೋನೇ ಗುಡ್ಡ ದಾಟಿ ನಮ್ಮೂರಿಗೆ ಬಂದ. ಬೆನ್ನ ಮೇಲೆ ತನ್ನ ಮುದಿತಾಯಿಯನ್ನು ಹೊತ್ತಿದ್ದ. ಆಕೆಗೆ ಮೊಣಕಾಲು ಊದಿ ನಡೆಯಲಾಗುತ್ತಿರಲಿಲ್ಲ. ದೊಡ್ಡಮ್ಮ ಬಾಗಿಲಲ್ಲೇ ನಿಂತು, "ನನ್ನ ಎಣ್ಣೆ ಸಮುದ್ರದಲ್ಲಿರಬೇಕಂತೆ. ನರ್ಸ್ ಹತ್ರ ಹೋಗಿ" ಎಂದಳು.

"ನರ್ಸೇ ಕಳಿಸಿದ್ದು" ಎಂದಿತು ಆ ಮುದುಕಿ, ಮಗನ ಬೆನ್ನ ಮೇಲಿಂದಲೇ. "ಇಳಿಸೋ ನನ್ನ. ಇವಳು ಹಚ್ಚೋವರೆಗೆ ನಾನು ಇಲ್ಲಿಂದ ಏಳಲ್ಲ. ನನಗೆ ಏಳಕ್ಕೂ ಆಗಲ್ಲ."

ದೊಡ್ಡಮ್ಮ ಬಗ್ಗಿ ಮುದುಕಿಯ ಊದಿದ ಮೊಣಕಾಲನ್ನು ಒತ್ತಿ ನೋಡಿದಳು. ಆಮೇಲೆ ಒಳಗೆ ಹೋಗಿ, ಮಂಚದ ಕೆಳಗಿಂದ ಒಂದು ಬಾಟಲಿ ಎಳೆದು, ಬಟ್ಟಲಿಗೆ ಕೊಬ್ಬರಿ ಎಣ್ಣೆ ಸುರಿದು, ಉಸಿರು ಬಿಗಿಹಿಡಿದು ಹನಿಗಳನ್ನು ಬೀಳಿಸಿದಳು. ಮೊದಲು ಮುದುಕಿಯ ಮುಂಗೈಯ ಒಳಬದಿಗೆ ಚೂರು ಹಚ್ಚಿ, ಕೆಂಪಾಗುತ್ತದೆಯೋ ಎಂದು ನೋಡುತ್ತ ಕುಳಿತಳು. ಅಷ್ಟು ಹೊತ್ತೂ ಇಬ್ಬರೂ ಅಂಪೈರರಾದ ತಮ್ಮ ವಿಷಯವನ್ನೇ ಮಾತಾಡಿದರು, ಅದನ್ನಿಲ್ಲಿ ಬರೆಯುವುದು ಸಭ್ಯತೆಯಲ್ಲ. ಕೆಂಪಾಗಲಿಲ್ಲ. ಮೊಣಕಾಲು ತಿಕ್ಕಿಸಿಕೊಂಡು ಮುದುಕಿ ಎದ್ದು, ಅಡುಗೆಮನೆಯ ಉದ್ದಕ್ಕೂ ನಾಲ್ಕು ಹೆಜ್ಜೆ ನಡೆದು, "ಪೂರ್ತಿ ಹೋಗಿಲ್ಲ" ಎಂದಿತು.

"ಪೂರ್ತಿ ಹೋಗಲ್ಲ. ವಯಸ್ಸಿಗೆ ನನ್ನ ಹತ್ರ ಎಣ್ಣೆ ಇಲ್ಲ" ಎಂದಳು ದೊಡ್ಡಮ್ಮ. ಆಕೆ ನಕ್ಕದ್ದನ್ನು ಆ ಶನಿವಾರದ ನಂತರ ನಾನು ಕಂಡದ್ದು ಆಗಲೇ.

ವಾಲ್ಮೋ ತನ್ನ ಚೀಲದಿಂದ ಕಪ್ಪನ್ನು ತೆಗೆದು ಒಲೆಯ ಪಕ್ಕದಲ್ಲಿಟ್ಟ. "ಇದು ನಮ್ಮದಲ್ಲ, ನಿಮ್ಮದೂ ಅಲ್ಲ. ಯಾರು ಗೆದ್ರು ಅಂತ ಆ ಅಂಪೈರಿಗೇ ಗೊತ್ತಿಲ್ಲ. ಮಾ ಓಡಿಲ್ ಹತ್ರಾನೇ ಇರಲಿ" ಎಂದ. ದೊಡ್ಡಮ್ಮ ಅದನ್ನು ತಿರುಗಿಸಿ ನೋಡಿ, ಒಳಗೆ ಎಷ್ಟು ಕೊಬ್ಬರಿ ಎಣ್ಣೆ ಹಿಡಿಯುತ್ತದೆಂದು ಅಳೆದಳು. ಬೆರೆಸಲು ಹೇಳಿ ಮಾಡಿಸಿದ ಪಾತ್ರೆಯಂತೆ. ಇಂದು ಬೆಳಗ್ಗೆ ಬಟ್ಟಿಯಿಂದ ಹೊಗೆ ಏಳುತ್ತಿದೆ, ಊರೆಲ್ಲ ಘಮ್ಮೆನ್ನುತ್ತಿದೆ, ಪಾದ್ರಿಯವರು ಕೆಮ್ಮು ನುಂಗಿಕೊಳ್ಳುತ್ತಿದ್ದಾರೆ. ಹೀಗಾಗಿ ಕೂಟದ ಕಪ್ಪು ಸದ್ಯ ತಮ್ಮ ನಿಷೇಧಿತ ಪ್ರದೇಶದೊಳಗೆ, ನಿಷೇಧಿತ ಹೆಂಗಸಿನ ಕೈಯಲ್ಲಿ, ನಿಷೇಧಿತ ಎಣ್ಣೆಯಿಂದ ತುಂಬಿಕೊಂಡಿದೆ. ಅದನ್ನು ವಶಪಡಿಸಿಕೊಳ್ಳಲು ತಾವು ಖುದ್ದಾಗಿ ಬರಬೇಕಾಗುತ್ತದೆ. ಬರುವಾಗ ಕ್ಷಮೆಯ ಒಂದೆರಡು ಮಾತನ್ನು ತಂದರೆ, ಬೆರೆಸದೆ ಹಾಗೇ ಕೊಡಬಹುದು. ಅದು ಯಾರನ್ನೂ ಸುಡುವುದಿಲ್ಲ.

ಎಂದು ಬಿನ್ನವಿಸಿಕೊಳ್ಳುವ, ತಮ್ಮ ದೃಷ್ಟಿಯಲ್ಲಿ ಔಟಾಗಿಯೂ ತನ್ನ ದೃಷ್ಟಿಯಲ್ಲಿ ಇನ್ನೂ ಆಡುತ್ತಿರುವ,

ತಮ್ಮ ವಿಶ್ವಾಸಿ,
ಓಸ್ವಿನ್ ಗಿಸ್ಟ್
ಪ್ವಾಂತ್ ರೋಶ್

ತಾ.ಕ.: ಈ ಪತ್ರವನ್ನು ದೊಡ್ಡಮ್ಮನ ಅಡುಗೆಮನೆಯ ಮೇಜಿನ ಮೇಲೆ ಬರೆದದ್ದರಿಂದ ಕಾಗದಕ್ಕೆ ಅಲ್ಲಲ್ಲಿ ಎಣ್ಣೆ ತಾಕಿದೆ. ಓದಿ ಮುಗಿಸಿದ ಕೂಡಲೇ ಕೈಗೆ ಅಡುಗೆ ಎಣ್ಣೆ ಸವರಿ ಸಾಬೂನಿನಿಂದ ತೊಳೆಯಿರಿ, ಅದಕ್ಕೆ ಮೊದಲು ಕಣ್ಣು ಮುಟ್ಟಬೇಡಿ. ತಮ್ಮ ಕಣ್ಣಲ್ಲಿ ನೀರು ಬಂದರೆ ಅದು ಪಶ್ಚಾತ್ತಾಪದ್ದೋ ಎಣ್ಣೆಯದೋ ಎಂದು ತಿಳಿಯದೆ ನಾವು ಸುಮ್ಮನೆ ತಮ್ಮನ್ನು ಮೆಚ್ಚಿಕೊಂಡುಬಿಡುವ ಅಪಾಯವಿದೆ.